ಹಳೇ ಕೆಂಪಿನ ಓಲೆ, ಉಂಗುರ: ಒಂದಂಗಡಿ ಒರಿಜಿನಲ್ ಅಂತು, ಇನ್ನೊಂದು ಸಿಂಥೆಟಿಕ್ ಅಂತು

ಮೂಡಿಗೆರೆ_ಹುಡ್ಗ:
ನಮಸ್ಕಾರ ಎಲ್ರಿಗೂ. ನಮ್ಮಜ್ಜಿದು ಏಳು ಕಲ್ಲಿನ ಕೆಂಪಿನ ಓಲೆ ಒಂದು ಜೊತೆ, ತಾತಂದು ಕೆಂಪಿನ ಉಂಗುರ ಒಂದು ಇದೆ, ಅಮ್ಮಂಗೊಂದು ಚಿಕ್ಕಮ್ಮಂಗೊಂದು ಅಂತ ಮಾತಾಗಿದೆ, ಆದ್ರೆ ಯಾವುದರ ಬೆಲೆ ಎಷ್ಟು ಅಂತ ಗೊತ್ತಾಗ್ದೆ ಹಂಚೋಕಾಗ್ತಿಲ್ಲ. ಚಿಕ್ಕಮಗಳೂರಲ್ಲಿ ತೋರ್ಸಿದ್ರೆ "ಎಲ್ಲಾ ಬರ್ಮಾ ಕೆಂಪು, ಅಂದ್ರೆ ಬರ್ಮಾದ ಮಾಣಿಕ್ಯ, ಕೊಡೋದಿದ್ರೆ ನಮಗೇ ಕೊಡಿ" ಅಂದ್ರು. ಹಾಸನದಲ್ಲಿ ಇನ್ನೊಬ್ರು ಕೈಗೆ ತಗೊಂಡು ಎರಡೇ ನಿಮಿಷಕ್ಕೆ "ಸಿಂಥೆಟಿಕ್, ಕಲ್ಲಿಗೆ ಕಾಸಿಲ್ಲ, ತೂಕದಲ್ಲಿ ಕಳೀತೀವಿ" ಅಂತ ವಾಪಸ್ ಕೊಟ್ರು.

ನಾನು ಮನೇಲಿ ಮಾಡಿದ್ದು ಇಷ್ಟು. ಫ್ರೆಂಡ್ ಹತ್ರ ಇದ್ದ ಡೈಮಂಡ್ ಟೆಸ್ಟರ್ ಪೆನ್ ಇಟ್ಟೆ, ಉಂಗುರದ ಕಲ್ಲಿಗೆ ಮುಳ್ಳು ಅರ್ಧಕ್ಕೆ ಬಂತು. ನೋಟು ನೋಡೋ ಯುವಿ ಟಾರ್ಚ್ ಕತ್ತಲೆ ರೂಮಲ್ಲಿ ಬಿಟ್ಟೆ, ಉಂಗುರದ್ದು ಕೆಂಡದ್ ಥರ ಹೊಳೀತು, ಓಲೇಲೂ ಹೊಳೀತು ಆದ್ರೆ ಎಡಗಡೆ ಓಲೇಲಿ ಒಂದು ಕಲ್ಲು ಮಾತ್ರ ಕಪ್ಪಗೇ ಇತ್ತು. ಅಜ್ಜಿ ಮದ್ವೆ 1950ರ ಆಸುಪಾಸು, ಆ ಕಾಲದಲ್ಲಿ ಡೂಪ್ಲಿಕೇಟ್ ಎಲ್ಲಿತ್ತು ಅಂತ ಚಿಕ್ಕಮ್ಮನ ವಾದ. ಹೊಳೆದಿದ್ದೆಲ್ಲ ಒರಿಜಿನಲ್ ಅಂತ ತಗೋಬಹುದಾ?

ಬೇಲೂರ್_ಬಾಯ್:
ಹಸಿ ಹಾಲಲ್ಲಿ ಹಾಕಿ ಗುರು, ಹಾಲು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಒರಿಜಿನಲ್ ಅಂತ ನಮ್ಮನೇಲಿ ಹೇಳ್ತಾರೆ.

ಲೂಪ್_ಹಾಸನ:
ಹಾಲು ಬೇಡವೇ ಬೇಡ. ಕೆಂಪು ಕಲ್ಲು ಹಾಲಲ್ಲಿ ಮುಳುಗಿದ್ರೆ ಕೆಂಪಗೆ ಕಾಣುತ್ತೆ, ಗಾಜು ಹಾಕಿದ್ರೂ ಹಂಗೇ, ಅದ್ರಿಂದ ಏನೂ ಗೊತ್ತಾಗಲ್ಲ.

ಮೂಡಿಗೆರೆಯವ್ರೇ, ಇಲ್ಲಿ ಪ್ರಶ್ನೆ ಒಂದಲ್ಲ ಎರಡು. ಇದು ಮಾಣಿಕ್ಯನಾ, ಗಾಜಾ, ಗಾರ್ನೆಟ್ ಅನ್ನೋ ಬೇರೆ ಜಾತಿ ಕೆಂಪು ಕಲ್ಲಾ ಅನ್ನೋದು ಮೊದಲ್ನೇದು. ಮಾಣಿಕ್ಯನೇ ಆದ್ರೆ ನೆಲದಲ್ಲಿ ಸಿಕ್ಕಿದ್ದಾ, ಫ್ಯಾಕ್ಟರಿ ಕುಲುಮೇಲಿ ಬೆಳ್ಸಿದ್ದಾ ಅನ್ನೋದು ಎರಡ್ನೇದು. ನೀವು ಮಾಡಿದ್ದು, ಪೆನ್ನು ಟಾರ್ಚು ಎರಡೂ, ಮೊದಲ್ನೇದಕ್ಕೆ ಮಾತ್ರ. ಸಿಂಥೆಟಿಕ್ ಮಾಣಿಕ್ಯ ಅಂದ್ರೆ ಗಾಜಲ್ಲ, ಅದೂ ಅಲ್ಯೂಮಿನಿಯಂ ಆಕ್ಸೈಡೇ, ಬಣ್ಣ ಬರೋದೂ ಅದೇ ಕ್ರೋಮಿಯಮ್ಮಿಂದ. ಗಡಸುತನ ಎರಡಕ್ಕೂ 9, ಸಾಂದ್ರತೆ 4ರ ಹತ್ರ, ವಕ್ರೀಭವನ ಸೂಚ್ಯಂಕ (ಕಲ್ಲು ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ) ಎರಡಕ್ಕೂ 1.76-1.77. ಶಾಖ ಸಾಗಿಸೋದೂ ಒಂದೇ ಥರ, ಆ ಪೆನ್ನು ಅಳೆಯೋದು ಅದನ್ನೇ, ಅದಕ್ಕೇ ಮುಳ್ಳು ಅರ್ಧಕ್ಕೆ ಬಂದಿದ್ದು. ಯುವಿಲಿ ಬರ್ಮಾ ಕಲ್ಲೂ ಹೊಳಿಯುತ್ತೆ ಫ್ಯಾಕ್ಟರಿ ಕಲ್ಲೂ ಹೊಳಿಯುತ್ತೆ, ಎಷ್ಟೋ ಸಲ ಫ್ಯಾಕ್ಟರಿದೇ ಜಾಸ್ತಿ ಹೊಳಿಯುತ್ತೆ. ಥಾಯ್ಲೆಂಡ್ ಕಲ್ಲಲ್ಲಿ ಕಬ್ಬಿಣದ ಅಂಶ ಇರೋದ್ರಿಂದ ಅಪ್ಪಟ ನೈಸರ್ಗಿಕ ಆಗಿದ್ರೂ ಮಂಕಾಗಿರುತ್ತೆ. ಹಂಗಾಗಿ ಹೊಳೆದಿದ್ದೆಲ್ಲ ಒರಿಜಿನಲ್ ಅನ್ನೋ ಲೆಕ್ಕ ನಿಲ್ಲಲ್ಲ.

ಚಿಕ್ಕಮ್ಮನ ವಾದಕ್ಕೆ: ಪ್ಯಾರಿಸ್ಸಲ್ಲಿ ವೆರ್ನ್ಯೂಯಿ ಅನ್ನೋ ವಿಜ್ಞಾನಿ ಮಾಣಿಕ್ಯ ಬೆಳ್ಸೋ ವಿಧಾನ ಪ್ರಕಟ ಮಾಡಿದ್ದು 1902ರಲ್ಲಿ. 1907ರ ಹೊತ್ತಿಗೇ ವರ್ಷಕ್ಕೆ ಸಾವಿರ ಕೆಜಿ ಹತ್ರ ತಯಾರಾಗ್ತಿತ್ತು. ಎಚ್‌ಎಂಟಿ ವಾಚಲ್ಲಿ 17 ಜ್ಯೂಯೆಲ್ಸ್ ಅಂತ ಇರ್ತಿತ್ತಲ್ಲ, ಅದೂ ಇದೇ ಸಿಂಥೆಟಿಕ್ ಮಾಣಿಕ್ಯ. 1950ರ ಮದ್ವೆ ಒಡವೇಲಿ ಇದು ಇದ್ರೆ ಆಶ್ಚರ್ಯನೇ ಇಲ್ಲ, ತಮಿಳುನಾಡಿನ ತಿರುಚ್ಚಿ ಕಡೆ ಇಂಥ ಕಲ್ಲು ಕಟ್ ಮಾಡಿಯೇ ಎಷ್ಟೋ ಮನೆ ನಡೀತಿತ್ತು.

ಎರಡ್ನೇ ಪ್ರಶ್ನೆಗೆ ಕಲ್ಲಿನ ಒಳಗೇ ನೋಡ್ಬೇಕು, 10 ಎಕ್ಸ್ ಲೂಪ್, ಅಂದ್ರೆ ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಪುಟ್ಟ ಮಸೂರ ತಗೊಳ್ಳಿ, ಟ್ರಿಪ್ಲೆಟ್ (ಮೂರು ಮಸೂರ ಸೇರ್ಸಿದ್ದು) ಅಂತ ಕೇಳಿ. ಲೂಪ್ ಕಣ್ಣಿಗೆ ಅಂಟಿಸ್ಕೊಂಡು ಒಡವೇನ ಒಂದಿಂಚು ಹತ್ರಕ್ಕೆ ತರ್ಬೇಕು, ಭೂತಗನ್ನಡಿ ಥರ ದೂರ ಹಿಡಿಯೋದಲ್ಲ. ಉಂಗುರದಿಂದ ಶುರು ಮಾಡಿ. ಹಿಂದೆ ಓಪನ್ ಇದ್ರೆ ಅಡಿಗೆ ಬಿಳೀ ಪೇಪರ್ ಇಟ್ಟು, ಪಕ್ಕದಿಂದ ಬೆಳಕು ಬಿಟ್ಟು, ಕಲ್ಲನ್ನ ನಿಧಾನಕ್ಕೆ ತಿರುಗಿಸ್ತಾ ಹೋಗಿ. ಬಾಗಿದ ಸಣ್ಣ ಗೆರೆಗಳು, ದೋಸೆ ಹುಯ್ಯೋವಾಗ ಸೌಟು ತಿರುಗಿಸಿದ ಗುರುತಿನ ಥರ ಒಂದರ ಪಕ್ಕ ಒಂದು ಕಂಡ್ರೆ, ಅದು ವೆರ್ನ್ಯೂಯಿ ಕಲ್ಲು, ಮುಗೀತು. ಪುಡಿ ಜ್ವಾಲೆಯೊಳಗೆ ಕರಗಿ ಕೆಳಗೆ ಉಂಡೆಯಾಗಿ ಬೆಳಿಯೋ ಹರಳಿನ ಮೇಲೆ ಪದರ ಪದರವಾಗಿ ಕೂರುತ್ತೆ, ಉಂಡೆಯ ತಲೆ ಗುಂಡಗಿರೋದ್ರಿಂದ ಪದರನೂ ಬಾಗಿರುತ್ತೆ. ನೆಲದ ಕಲ್ಲು ಆರು ಮೂಲೆಯ ಹರಳಾಗಿ ಬೆಳಿಯೋದು, ಅದರ ಗೆರೆ ನೇರ ಇರುತ್ತೆ, ಮೂಲೇಲಿ 120 ಡಿಗ್ರಿಗೆ ಮುರಿಯುತ್ತೆ. ದುಂಡನೆ ಗುಳ್ಳೆ ಕಂಡ್ರೆ ಸಾಮಾನ್ಯವಾಗಿ ಗಾಜೋ ಸಿಂಥೆಟಿಕ್ಕೋ ಎರಡರಲ್ಲಿ ಒಂದು. ರೇಷ್ಮೆ ಎಳೆ ಥರ ಸೂಜಿಗಳು 60 ಡಿಗ್ರಿಗೆ ಒಂದನ್ನೊಂದು ದಾಟಿದ್ರೆ, ಅಥವಾ ಬೆರಳಚ್ಚಿನ ಥರ ಚುಕ್ಕಿ ಪೊರೆ ಇದ್ರೆ ನೆಲದ ಕಲ್ಲು ಅನ್ನೋಕೆ ಒಳ್ಳೇ ಆಧಾರ.

ಕ್ಲೀನಾಗಿ ಏನೂ ಕಾಣ್ದಿದ್ರೆ ಖುಷಿ ಪಡಬೇಡಿ. ಅಷ್ಟು ದೊಡ್ಡ, ಅಷ್ಟು ಕೆಂಪಗಿರೋ, ಒಳಗೊಂದು ಚುಕ್ಕೀನೂ ಇಲ್ಲದ ಮಾಣಿಕ್ಯ ನಮ್ಮಂಥೋರ ಮನೇಲಿ ಇರೋದು ಕಮ್ಮಿ.

ಆಚಾರ್_ಮನೆ:
ತಮ್ಮ, ಲೂಪ್ ಸಾರ್ ಹೇಳಿದ್ದು ಉಂಗುರಕ್ಕೆ ಸರಿ. ಓಲೆ ವಿಷ್ಯ ನಂಗೆ ಬಿಡು. ಹಳೇ ಕೆಂಪಿನ ಓಲೆ ಹಿಂದುಗಡೆ ಚಿನ್ನದ ತಗಡಿಂದ ಮುಚ್ಚಿರುತ್ತೆ, ಕಲ್ಲಿನ ಅಡಿಗೆ ಬಣ್ಣ ಏರ್ಲಿ ಅಂತ ಹೊಳಪಿನ ತಗಡು ಇಟ್ಟು ಕೂರ್ಸಿರ್ತಾರೆ, ಒಳಗೆ ಅರಗೂ ಇರುತ್ತೆ. ಅದಕ್ಕೇ ಬಣ್ಣ ನೋಡಿ ತೀರ್ಮಾನ ಮಾಡ್ಬೇಡ, ಪೇಲವ ಕಲ್ಲೂ ಕೆಂಪಗೆ ಉರಿಯುತ್ತೆ. ನೀರಲ್ಲಿ, ಹಾಲಲ್ಲಿ, ಅಂಟುವಾಳದ ನೊರೇಲಿ ನೆನೆಸ್ಬೇಡ. ಸಂದೀಲಿ ನೀರಿಳಿದ್ರೆ ತಗಡು ಕಪ್ಪಾಗುತ್ತೆ, ಕಲ್ಲು ಸತ್ತಂಗೆ ಕಾಣುತ್ತೆ, ಮಲ್ನಾಡ್ ಮಳೇಲಿ ಅದು ಒಣಗೋದೂ ಇಲ್ಲ. ನಮ್ಮಲ್ಲಿಗೆ ರಿಪೇರಿಗೆ ಬರೋ ಹಳೇ ಓಲೇಲಿ ಅರ್ಧಕ್ಕೆ ಇದೇ ರೋಗ. ಒರೆಸೋದಿದ್ರೆ ಒಣ ಮೆತ್ತನೆ ಬಟ್ಟೆ ಸಾಕು.

ಇನ್ನೊಂದು, ಏಳೂ ಕಲ್ಲು ಒಂದೇ ಜಾತಿ ಅಂತ ಅಂದ್ಕೋಬೇಡ. ಉದ್ರಿದ ಕಲ್ಲಿಗೆ ಕೈಗೆ ಸಿಕ್ಕಿದ್ದು ಹಾಕಿ ಕೊಡ್ತಿದ್ರು. ಯುವಿಲಿ ಕಪ್ಪಗಿತ್ತು ಅಂದ್ಯಲ್ಲ, ಅದು ಹಂಗೇ ಇರ್ಬಹುದು. ಒಂದೊಂದನ್ನೂ ಬೇರೆ ಬೇರೆ ನೋಡು.

ಮೂಡಿಗೆರೆ_ಹುಡ್ಗ:
ಆಚಾರ್ರೇ, ಲೂಪ್ ಸಾರ್, ಇಬ್ರಿಗೂ ಥ್ಯಾಂಕ್ಸ್. ಲೂಪ್ ತರ್ಸಿ ಭಾನುವಾರ ಪೂರ್ತಿ ಅದನ್ನೇ ನೋಡ್ತಾ ಕೂತಿದ್ದೆ. ಉಂಗುರ ಹಿಂದೆ ಓಪನ್ ಇದೆ. ಎದುರಿಂದ ಏನೂ ಕಾಣ್ಲಿಲ್ಲ, ಓರೆ ಮಾಡಿ ಬಿಳೀ ಪೇಪರ್ ಮೇಲೆ ಹಿಡಿದಾಗ ಒಂದು ಆ್ಯಂಗಲ್ಲಲ್ಲಿ ಮಾತ್ರ ಬಾಗಿದ ಗೆರೆ ಸಾಲಾಗಿ ಬಂತು, ಒಂದು ಕೂದ್ಲು ತಿರುಗಿಸಿದ್ರೆ ಮಾಯ. ಅಂಚಿನ ಹತ್ರ ಗುಂಡುಸೂಜಿ ಮೊನೆಯಷ್ಟು ಎರಡು ಗುಳ್ಳೆ.

ಓಲೆ ಬೇರೇನೇ. ಕಲ್ಲುಗಳ ಆಕಾರ ಒಂದಿದ್ದಂಗೆ ಇನ್ನೊಂದಿಲ್ಲ, ಮೇಲೆ ಕತ್ತರಿಸಿದ ಚಪ್ಪಟೆ ಮುಖಗಳಿಲ್ದೆ ಗುಂಡಗೆ ಸವರಿದಂಗಿವೆ. ನಡುವಿನ ಕಲ್ಲಲ್ಲಿ ಬಿಳೀ ಎಳೆ ಎಳೆ ಮೋಡ ಥರ, ಪಕ್ಕದ ಎರಡರಲ್ಲಿ ಬಿರುಕು, ಕಪ್ಪು ಚುಕ್ಕಿ. ಯುವಿಲಿ ಕಪ್ಪಗಿದ್ದಿದ್ದು ಮಾತ್ರ ಒಳಗೆ ಕ್ಲೀನ್, ಗುಳ್ಳೆ ಇಲ್ಲ, ಬಣ್ಣ ಸ್ವಲ್ಪ ಕಂದು ಕಡೆಗೆ. ಗಾಜಾ?

ಲೂಪ್_ಹಾಸನ:
ಉಂಗುರ ವೆರ್ನ್ಯೂಯಿ, ಇನ್ನು ಅದಕ್ಕೆ ಕಲ್ಲು ಪರೀಕ್ಷೆ ಮಾಡೋ ಲ್ಯಾಬಿಗೆ ಫೀಸ್ ಕೊಡೋದು ದಂಡ. ಹಾಸನದವ್ರು ಉಂಗುರ ನೋಡಿ ಸರಿಯಾಗೇ ಹೇಳಿದ್ದಾರೆ, ಆದ್ರೆ ಅದೇ ಉಸಿರಲ್ಲಿ ಓಲೇಗೂ ಸೇರ್ಸಿ ಹೇಳಿದ್ದು ಅವಸರ. ಚಿಕ್ಕಮಗಳೂರಿನವ್ರ ಬರ್ಮಾ ಕಥೆ ಬಿಡಿ, ಯಾವ ದೇಶದ ಕಲ್ಲು ಅನ್ನೋದನ್ನ ಲ್ಯಾಬಲ್ಲೂ ಒಳ್ಳೇ ಮೆಷಿನ್ ಇಟ್ಟು ಹೇಳ್ಬೇಕಾಗುತ್ತೆ, ಕೌಂಟರಲ್ಲಿ ನಿಂತು ಹೇಳೋ ಮಾತಲ್ಲ.

ಕಪ್ಪಗಿದ್ದ ಕಲ್ಲು ಗಾರ್ನೆಟ್ ಅಂತ ನನ್ನ ಗುಮಾನಿ, ಕಂದು ಛಾಯೆ ಅದಕ್ಕೇ ಹೊಂದುತ್ತೆ. ಹಳೇ ಹಾರ್ಡ್‌ಡಿಸ್ಕಿಂದ ತೆಗೆದ ನಿಯೋಡಿಮಿಯಂ ಆಯಸ್ಕಾಂತ ಇದ್ರೆ ಓಲೇನ ದಾರದಲ್ಲಿ ನೇತುಹಾಕಿ, ಗಾಳಿ ಆಡ್ದೇ ಇರೋ ಕಡೆ, ಆ ಕಲ್ಲಿನ ಹತ್ರಕ್ಕೆ ಹಿಡೀರಿ. ಗಾರ್ನೆಟ್ಟಲ್ಲಿ ಕಬ್ಬಿಣ ಇದ್ರೆ ಸ್ವಲ್ಪ ವಾಲುತ್ತೆ, ಚಿನ್ನ ಮಾಣಿಕ್ಯ ಎರಡೂ ಅಲ್ಲಾಡಲ್ಲ. ಅಷ್ಟು ಸಣ್ಣ ಕಲ್ಲಿಗೆ ವಾಲ್ದೇ ಇರಲೂಬಹುದು, ಆಗ ಅದನ್ನ ಇಟ್ಕೊಂಡು ವಾದ ಮಾಡೋದು ಬೇಡ.

ನಡುವಿನ ಎಳೆ ಮೋಡ ನೀವು ಹೇಳಿದಂಗೇ ಇದ್ರೆ ನೈಸರ್ಗಿಕದ ಕಡೆಗೇ ತೂಗುತ್ತೆ.

ಅರಸೀಕೆರೆ_ಅಕ್ಕ:
ಮಧ್ಯ ಬಾಯಿ ಹಾಕ್ತೀನಿ, ಬಿರುಕಿರೋ ಎರಡು ಕಲ್ಲು ಇತ್ತೀಚೆಗೆ ಬದಲಾಯ್ಸಿದ್ದಾ ಅಂತ ಅಮ್ಮನ್ನ ಕೇಳಿ. 2004ರಿಂದ ಈಚೆಗೆ ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಮಾರ್ಕೆಟ್ಟಲ್ಲಿ ರಾಶಿ ಇದೆ. ಕಲ್ಲು ನೆಲದ್ದೇ, ಬೆಲೆ ಮಾತ್ರ ಪಾತಾಳ. ತಿರುಗಿಸುವಾಗ ಬಿರುಕಲ್ಲಿ ನೀಲಿ ಮಿಂಚು ಬಂದ್ರೆ ಅದೇ. ನಿಂಬೆ ರಸ ಬಿದ್ರೂ ಆ ಗಾಜು ತಿಂದುಹೋಗುತ್ತೆ.

ಮೂಡಿಗೆರೆ_ಹುಡ್ಗ:
ಅಮ್ಮನ್ನ ಕೇಳ್ದೆ ಅಕ್ಕ, ಕಂದು ಕಲ್ಲೊಂದನ್ನ ಮಾತ್ರ ಬಹಳ ಹಿಂದೆ ಹಾಕ್ಸಿದ್ದಂತೆ, ಮಿಕ್ಕಿದ್ದಕ್ಕೆ ಯಾರೂ ಕೈ ಹಚ್ಚಿಲ್ಲ. ನೀಲಿ ಮಿಂಚೂ ಇಲ್ಲ. ಹಂಗಾದ್ರೆ ಓಲೇನ ಬೆಂಗಳೂರು ಲ್ಯಾಬಿಗೆ ಕಳಿಸ್ಲಾ? ಚಿನ್ನಕ್ಕೆ ಹಾಲ್‌ಮಾರ್ಕ್ ಮಾಡ್ಸಿದ್ರೆ ಕಲ್ಲಿಗೂ ಸರ್ಟಿಫಿಕೇಟ್ ಆದಂಗಾ?

ಆಚಾರ್_ಮನೆ:
ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ತಮ್ಮ, ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಲ್ಯಾಬಿಗೆ ಕೊಟ್ರೆ ಕಲ್ಲು ಹಿಂದೆ ಮುಚ್ಚಿ ಕೂರ್ಸಿರೋ ಹಂಗೇ ನೋಡಿ ಎಷ್ಟಾಗುತ್ತೋ ಅಷ್ಟೇ ಬರ್ದು ಕೊಡ್ತಾರೆ, ಪೂರ್ತಿ ಬೇಕಂದ್ರೆ ಕಲ್ಲು ಬಿಚ್ಚಬೇಕು. ಬಿಚ್ಚಿ ಮತ್ತೆ ಅದೇ ತಗಡಿಟ್ಟು ಕೂರ್ಸೋ ಕೈಗಳು ಈಗ ಕಮ್ಮಿ, ಹೊಸಬ್ರು ಬಿಚ್ಚಿದ್ರೆ ಓಲೆ ಓಲೆಯಾಗಿ ಉಳಿಯಲ್ಲ. ಮಾರೋದಿಲ್ಲ, ಹಂಚ್ಕೊಳ್ಳೋದಷ್ಟೇ ಅಂದ್ರೆ ಬಿಚ್ಚಿಸ್ಬೇಡ. ಗ್ರಾಸ್ ತೂಕ ಎಷ್ಟು, ಕಲ್ಲು ಅರಗು ಕಳೆದು ನೆಟ್ ಎಷ್ಟು ಹಿಡೀತೀರಿ ಅಂತ ಎರಡು ಕಡೆ ಚೀಟಿ ಬರೆಸ್ಕೋ. ಚಿನ್ನದ ಬೆಲೆ ಸಮ ಮಾಡ್ಕೊಂಡು, ಓಲೆ ತಗೊಳ್ಳೋರು ಕಲ್ಲಿನ ಲೆಕ್ಕಕ್ಕೆ ಸ್ವಲ್ಪ ಮೇಲೆ ಕೊಡ್ಲಿ, ಎಷ್ಟು ಅನ್ನೋದು ಅಮ್ಮ ಚಿಕ್ಕಮ್ಮ ಕೂತು ಮಾತಾಡ್ಕೊಳ್ಳೋದು.

ಮೂಡಿಗೆರೆ_ಹುಡ್ಗ:
ಚಿಕ್ಕಮ್ಮ ಓಲೇನೇ ಬೇಕು ಅಂತಿದ್ದಾರೆ, ಮೇಲೆ ಕೊಡೋಕೂ ರೆಡಿ. ಬಿಚ್ಚಿಸಲ್ಲ. ಬುಧವಾರ ಹಾಸನಕ್ಕೆ ಹೋಗ್ತಿದ್ದೀನಿ, ತೂಕದ ಚೀಟಿ ಬರೆಸ್ಕೊಂಡು ಬರ್ತೀನಿ. ಆಯಸ್ಕಾಂತ ಸಿಕ್ಕಿಲ್ಲ, ಯಾರ ಹತ್ರಾದ್ರೂ ಹಳೇ ಹಾರ್ಡ್‌ಡಿಸ್ಕ್ ಇದ್ರೆ ಹೇಳಿ.