ಆಸ್ಟ್ರೇಲಿಯಾದ ಹೊಳೆ ದಂಡೆಯ ಸಣ್ಣ ಊರುಗಳು: ಅಪ್ಪ-ಅಮ್ಮನನ್ನು ಎಲ್ಲಿಗೆ ಕರ್ಕೊಂಡು ಹೋಗಲಿ?

ಕೇಳಿದವರು, ಮೆಲ್ಬರ್ನ್‌ನಿಂದ

ಅಪ್ಪ-ಅಮ್ಮ ಅಕ್ಟೋಬರ್ ಮಧ್ಯಕ್ಕೆ ಶಿವಮೊಗ್ಗದಿಂದ ಬರ್ತಿದ್ದಾರೆ. ಹೋದ ಸಲ ಸಮುದ್ರ, ಪೆಂಗ್ವಿನ್, ಸಿಟಿ ಎಲ್ಲ ತೋರಿಸಿದ್ದಾಯ್ತು. ತುಂಗೆ ದಡದಲ್ಲಿ ಬೆಳೆದ ಅಪ್ಪ ಈ ಸಲ ಫೋನಲ್ಲೇ ಶುರು ಮಾಡಿದ್ದಾರೆ: "ಅಲ್ಲಿ ಹೊಳೆ ಪಕ್ಕದ ಊರುಗಳಿಲ್ವಾ? ಅವರು ಜಾತ್ರೆ ಗೀತ್ರೆ ಮಾಡಲ್ವಾ?" ಅಪ್ಪನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಹೋಗಿ ಬಂದವರು ಯಾವ ಊರು, ಯಾವಾಗ ಅಂತ ಹೇಳ್ತೀರಾ?

ಬೆಂಡಿಗೋದಿಂದ

ಎಚೂಕಾಗೆ ಹೋಗಿ, ಬೇರೆ ಯೋಚನೆ ಬೇಡ. ಮೆಲ್ಬರ್ನ್‌ನಿಂದ ಸುಮಾರು 220 ಕಿ.ಮೀ., ಮಧ್ಯೆ ಕಾಫಿಗೆ ನಿಂತರೂ ಮೂರು ಗಂಟೆ ಚಿಲ್ಲರೆ. ಮರ್ರೆ ನದಿಯ ಈಚೆ ದಡ ಎಚೂಕಾ, ಸೇತುವೆ ದಾಟಿದರೆ ಮೋಮಾ. ಊರು ಎರಡು, ರಾಜ್ಯವೂ ಎರಡು. ಗಡಿ ಇರೋದು ವಿಕ್ಟೋರಿಯಾ ಕಡೆಯ ದಡದಲ್ಲಿ, ಹಾಗಾಗಿ ನೀರು ಪೂರ್ತಿ ನ್ಯೂ ಸೌತ್ ವೇಲ್ಸ್‌ಗೆ ಸೇರಿದ್ದು. ಗಾಳ ಹಾಕೋ ಮನಸ್ಸಿದ್ದರೆ ಲೈಸೆನ್ಸೂ ಆ ರಾಜ್ಯದ್ದೇ ಬೇಕು.

ನಿಮ್ಮ ತಂದೆಗೆ ಮೊದಲು ತೋರಿಸಬೇಕಾದ್ದು ಹಳೇ ಧಕ್ಕೆ. ರೆಡ್ ಗಮ್ ಅನ್ನೋ ನೀಲಗಿರಿ ಜಾತಿಯ ಮರದ ತೊಲೆಗಳಲ್ಲಿ 1865ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಹೊಳೆ ಏರಲಿ ಇಳಿಯಲಿ, ಹಡಗು ನಿಲ್ಲಬೇಕಲ್ಲ, ಅದಕ್ಕೆ ಅಂತಸ್ತು ಅಂತಸ್ತಾಗಿ ಕಟ್ಟಿದ್ದಾರೆ. ಒಳನಾಡಿನ ಕುರಿ ಸಾಕಣೆ ಎಸ್ಟೇಟ್‌ಗಳಿಂದ ಉಣ್ಣೆ ಹಡಗಲ್ಲಿ ಇಲ್ಲಿಗೆ ಬಂದು, ರೈಲು ಹತ್ತಿ ಮೆಲ್ಬರ್ನ್ ಸೇರ್ತಿತ್ತು. ಮೆಲ್ಬರ್ನ್‌ನ ರೈಲು 1864ಕ್ಕೇ ಇಲ್ಲಿಗೆ ಬಂದಿತ್ತು. ಆಮೇಲೆ ರೈಲು ಎಲ್ಲ ಕಡೆ ಹೋಯ್ತು, ಹಡಗಿನ ಕೆಲಸ ಮುಗೀತು. ಆದರೆ ಈ ಊರಿನವರು ಹಡಗುಗಳನ್ನ ಬಿಟ್ಟುಕೊಡಲಿಲ್ಲ. 1866ರ ಅಡಿಲೇಡ್ ಇನ್ನೂ ಇದೆ, 1911ರ ಪೆವೆನ್ಸಿ ಇದೆ. ಪಕ್ಕದಲ್ಲಿ ದೊಡ್ಡ ಚಕ್ರ ತಿರುಗಿಸ್ಕೊಂಡು ಹೋಗೋ ಉಗಿ ಹಡಗಲ್ಲಿ ಒಂದು ಗಂಟೆ ಸುತ್ತಾಟ ಮಾಡಿಸಿ. ಸೌದೆ ಒಲೆಗೆ ಕೊರಡು ಎಸೆಯೋದನ್ನ, ಎಂಜಿನ್ನಿನ ದಂಡಗಳು ಓಡಾಡೋದನ್ನ ಹತ್ತಿರದಲ್ಲೇ ನೋಡಬಹುದು. ನನ್ನ ಮಾವನವರು ಅಲ್ಲಿಂದ ಏಳಲೇ ಇಲ್ಲ. ಟಿಕೆಟ್ ತಗೊಳ್ಳೋವಾಗ ಮಂಡಿ ನೋವಿನ ವಿಷಯ ಹೇಳಿ, ಮೆಟ್ಟಿಲು ಕಮ್ಮಿ ಇರೋ ಹಡಗು ಯಾವುದು ಅಂತ ಅವರೇ ಹೇಳ್ತಾರೆ.

ಅಕ್ಟೋಬರ್ 2022ರ ನೆರೆಯ ಬಗ್ಗೆಯೂ ಊರಿನವರನ್ನ ಕೇಳಿ. ಊರೊಳಗೇ ಮಣ್ಣಿನ ಒಡ್ಡು ಹಾಕಿ ನೀರು ತಡೆದರು, ಕೆಲವರ ಮನೆ ಒಡ್ಡಿನ ಆಚೆ ಉಳಿದುಹೋಯ್ತು. ಹೊಳೆ ಊರಿನವರಿಗೆ ಆ ಮಾತು ಬೇಗ ಅರ್ಥ ಆಗುತ್ತೆ.

ಬ್ರಿಸ್ಬೇನ್‌ನಿಂದ

ಹಬ್ಬವೇ ನೋಡಬೇಕು ಅಂದ್ರೆ ಗ್ರಾಫ್ಟನ್. ಮೆಲ್ಬರ್ನ್‌ಗೆ ದೂರ, ನಿಜ. ಇತ್ತ ಯಾರನ್ನಾದರೂ ನೋಡೋಕೆ ಬರೋರಿದ್ರೆ ಬಿಡಬೇಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಕ್ಲಾರೆನ್ಸ್ ನದಿ ದಡದ ಊರು, ಬೀದಿ ಬೀದಿಯಲ್ಲೂ ಜಕರಂಡ. 1935ರಿಂದ ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಜಕರಂಡ ಹಬ್ಬ ಮಾಡ್ತಿದ್ದಾರೆ. ಅದರಲ್ಲಿ ಒಂದು ಗುರುವಾರ ಊರಿಗೆ ಊರೇ ನೇರಳೆ ಬಟ್ಟೆ ಹಾಕುತ್ತೆ, ಅಂಗಡಿಯವರು ವೇಷ ಕಟ್ಟಿ ಬೀದಿಗೆ ಬರ್ತಾರೆ. ದೊಡ್ಡ ಕಂಪನಿಗಳ ಜಾಹೀರಾತಿನ ಹಬ್ಬ ಅಲ್ಲ, ಶಾಲೆ ಮೇಷ್ಟ್ರು, ಫಾರ್ಮಸಿಯವರು, ಅಜ್ಜಿಯರು ಸೇರಿ ಮಾಡೋದು. ಬೆಂಗಳೂರಲ್ಲಿ ಫೆಬ್ರವರಿ-ಮಾರ್ಚ್‌ಗೆ ಅರಳೋ ಅದೇ ಮರ ಇಲ್ಲಿ ಅಕ್ಟೋಬರಲ್ಲಿ ಅರಳಿರೋದನ್ನ ನೋಡಿ ನನ್ನ ಅತ್ತೆಗೆ ಸಂಭ್ರಮವೋ ಸಂಭ್ರಮ.

ಒಂದು ಗಮನದಲ್ಲಿರಲಿ: ಆ ಹೊತ್ತಿಗೆ ನ್ಯೂ ಸೌತ್ ವೇಲ್ಸ್ ಗಡಿಯಾರ ಕ್ವೀನ್ಸ್‌ಲ್ಯಾಂಡ್‌ಗಿಂತ ಒಂದು ಗಂಟೆ ಮುಂದೆ. ಬ್ರಿಸ್ಬೇನ್‌ನಿಂದ ಹೊರಡೋರು ಮೆರವಣಿಗೆ ಸಮಯ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ಊಟದ ಚಿಂತೆ ಇದ್ರೆ ದಕ್ಷಿಣಕ್ಕೆ ಒಂದು ಗಂಟೆಯೊಳಗೆ ವುಲ್‌ಗೂಲ್ಗಾ ಇದೆ. ಬಾಳೆ ತೋಟಕ್ಕೆ ಬಂದ ಪಂಜಾಬಿಗಳು ತಲೆಮಾರುಗಳಿಂದ ನೆಲೆಸಿರೋ ಊರು, ದೊಡ್ಡ ಗುರುದ್ವಾರವೂ ಇದೆ.

ಶೆಪರ್ಟನ್‌ನಿಂದ

ಅಕ್ಕಾವ್ರೇ, ನನ್ನ ಮಾತು ಸ್ವಲ್ಪ ಬೇರೆ. ಹೆಸರಾದ ಹಬ್ಬದ ದಿನ ವಯಸ್ಸಾದವರನ್ನ ಕರ್ಕೊಂಡು ಹೋಗಬೇಡಿ. ಕಾರು ದೂರ ನಿಲ್ಲಿಸಬೇಕು, ಕೂರೋಕೆ ಜಾಗ ಇರಲ್ಲ, ರೂಮಿನ ಬಾಡಿಗೆ ಏರಿರುತ್ತೆ. ಅದರಲ್ಲೂ ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ರೇಸಿನ ರಜ, ಸಿಟಿಯ ಜನ ಎಲ್ಲ ಹೊಳೆ ಕಡೆಗೇ ಬರ್ತಾರೆ. ಆ ವಾರ ಬಿಟ್ಟುಬಿಡಿ.

ಅದರ ಬದಲು ಸಣ್ಣ ಊರಿನ ಕೃಷಿ ಮೇಳಕ್ಕೆ ಹೋಗಿ. ಇಲ್ಲಿ ಬರೀ "ಶೋ" ಅಂತಾರೆ. ಅಕ್ಟೋಬರ್-ನವೆಂಬರ್‌ನ ಶನಿವಾರಗಳಲ್ಲಿ ಉತ್ತರ ವಿಕ್ಟೋರಿಯಾದ ಒಂದಲ್ಲ ಒಂದು ಊರಲ್ಲಿ ಇದ್ದೇ ಇರುತ್ತೆ. ಕುರಿ, ದನ, ಕೋಳಿಗಳ ಸ್ಪರ್ಧೆ, ಕೊಡಲಿಯಲ್ಲಿ ದಿಮ್ಮಿ ಕಡಿಯೋ ಪಂದ್ಯ. ಶೆಡ್ಡಿನ ಒಳಗೆ ಮೇಜಿನ ಮೇಲೆ ಜಾಮ್ ಬಾಟಲು, ಕಸೂತಿ, ಗುಲಾಬಿ, ಮಕ್ಕಳು ಬೆಳೆದ ಕುಂಬಳಕಾಯಿ, ಗೆದ್ದಿದ್ದಕ್ಕೆ ರಿಬ್ಬನ್. ನಮ್ಮ ಅಮ್ಮ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿದ್ದು ಆ ಶೆಡ್ಡಲ್ಲೇ. ಉಪ್ಪಿನಕಾಯಿ ಸ್ಪರ್ಧೆಯ ತೀರ್ಪುಗಾರ್ತಿ ಜೊತೆ ಕೈಸನ್ನೆಯಲ್ಲೇ ಮಾತಾಡಿದರು. ನಿಮ್ಮ ತಂದೆ ಕೇಳಿದ ಜಾತ್ರೆ ಅಂದ್ರೆ ಇದೇ, ದೇವರೊಂದಿಲ್ಲ ಅಷ್ಟೆ.

ಇಲ್ಲಿನ ಮಹಿಳಾ ಸಂಘದವರು ಸ್ಕೋನ್ ಅಂತ ಬನ್ನಿನಂಥ ತಿಂಡಿ ಮಾರ್ತಾರೆ. ಮೊಟ್ಟೆ ಇಲ್ಲದೆಯೂ ಮಾಡೋದುಂಟು, ಕೇಳಿದರೆ ಬಿಡಿಸಿ ಹೇಳ್ತಾರೆ. ಪಬ್ಬಿನ ಆಲೂಗಡ್ಡೆ ಚಿಪ್ಸ್ ಮಾತ್ರ ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಕೇಳದೆ ತಗೋಬೇಡಿ, ಮೀನು ಕರಿದ ಎಣ್ಣೆಯೇ ಇರಬಹುದು. ರಾತ್ರಿ ಎಂಟಕ್ಕೆಲ್ಲ ಅಡುಗೆಮನೆ ಮುಚ್ಚೋ ಊರುಗಳಿವು. ಒಲೆ ಇರೋ ಕ್ಯಾಬಿನ್ ತಗೊಂಡು, ಅಕ್ಕಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ಇಟ್ಕೊಳ್ಳಿ.

ಅಡಿಲೇಡ್‌ನಿಂದ

ರೆನ್‌ಮಾರ್ಕ್‌ನಲ್ಲಿ ಅಕ್ಟೋಬರಲ್ಲಿ ಗುಲಾಬಿ ಹಬ್ಬ, ಅದೂ ಮರ್ರೆ ದಡವೇ. ಬರೋದಾದ್ರೆ ಕಾರಲ್ಲಿ ಹಣ್ಣು ಇಟ್ಕೋಬೇಡಿ. ಹಣ್ಣುನೊಣದ ಕಾರಣಕ್ಕೆ ದಕ್ಷಿಣ ಆಸ್ಟ್ರೇಲಿಯಾ ಗಡಿಯಲ್ಲಿ ತಪಾಸಣೆ ಇದೆ.

ಬೆಂಡಿಗೋದಿಂದ, ಮತ್ತೆ

ಶೆಪರ್ಟನ್‌ನವರು ಹೇಳಿದ್ದು ಸರಿ. ಹಾಗಾದ್ರೆ ಶನಿವಾರ ಯಾವುದಾದ್ರೂ ಶೋ ನೋಡಿ, ಭಾನುವಾರ ಸಂಜೆ ಜನ ಖಾಲಿಯಾದ ಮೇಲೆ ಎಚೂಕಾದಲ್ಲಿ ಉಳೀರಿ, ಸೋಮವಾರ ಹಡಗು ಹತ್ತಿಸಿ. ಮಂಗಳವಾರ ಬಾರ್ಮಾ ಕಾಡು. ಯೋರ್ಟಾ ಯೋರ್ಟಾ ಅನ್ನೋ ಮೂಲನಿವಾಸಿ ಜನರ ನೆಲ ಅದು, ಆಚೆ ದಡದ ಮಿಲ್ಲೆವಾ ಕಾಡೂ ಸೇರಿದರೆ ಜಗತ್ತಿನಲ್ಲೇ ಅತಿ ದೊಡ್ಡ ರಿವರ್ ರೆಡ್ ಗಮ್ ಕಾಡು. ಆ ಮರದ ಕೊಂಬೆಗಳು ಗಾಳಿ ಇಲ್ಲದಿದ್ದರೂ ಮುರಿದು ಬೀಳ್ತವೆ, ಬುತ್ತಿ ಬಿಚ್ಚೋಕೆ ಬಯಲು ನೋಡಿ ಕೂತ್ಕೊಳ್ಳಿ. ಹೊಳೆಗೆ ಇಳಿಯೋದು ಬೇಡ, ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ, ಮುಳುಗಿದ ಮರ ಎರಡೂ ಇವೆ. ಮೆಲ್ಬರ್ನ್ ಕಡೆಗೆ ಮಧ್ಯಾಹ್ನವೇ ಹೊರಡಿ. ಹೊತ್ತು ಮುಳುಗೋ ಸಮಯಕ್ಕೆ ಕಾಂಗರೂಗಳು ರಸ್ತೆಗೆ ಬರ್ತವೆ.