ಸಹಾಯ ಬೇಕು: ಟೀಚರಿಗೆ ಹೇಳಿದರೆ ನನ್ನ ಜವಾಬ್ದಾರಿ ಮುಗಿಯಿತಾ?

ನಾನು ಶಾಲೆಯಲ್ಲಿ ಮಕ್ಕಳಿಗೆ ಕಥೆ ಓದಿಸುವ ಸ್ವಯಂಸೇವಕಿ. ಮೊನ್ನೆ ಒಂದು ಮಗು ತೋಳು ಮೇಲೆ ಸರಿಸಿ, ನೀಲಿಗಟ್ಟಿದ ಗುರುತು ತೋರಿಸಿ, "ಆಂಟಿ, ಯಾರಿಗೂ ಹೇಳಬೇಡಿ" ಅಂದಿತು. ಹೇಳಲ್ಲ ಅಂತ ನಾನು ಮಾತು ಕೊಡಲಿಲ್ಲ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅಂದೆ. ಕೆದಕಿ ಕೇಳಲೂ ಇಲ್ಲ. ನಾವು ಕೇಳಿದ್ದನ್ನೇ ಮಗು ಹೌದು ಅಂದುಬಿಡಬಹುದು ಅಲ್ವಾ? ಅದು ಹೇಳಿದ ಮಾತನ್ನು ಹಾಗೆಯೇ, ದಿನಾಂಕ, ಸಮಯದ ಜೊತೆ ಬರೆದಿಟ್ಟೆ.

ಅವತ್ತೇ ಕ್ಲಾಸ್ ಟೀಚರಿಗೆ ಹೇಳಿದೆ. "ನಾನು ನೋಡ್ಕೊಳ್ತೀನಿ, ಬಿಡಿ" ಅಂದರು. ಆಮೇಲೆ ಸುದ್ದಿಯೇ ಇಲ್ಲ. ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರು ಶಾಲೆಯಲ್ಲಿ ಬೇರೆ ಇದ್ದಾರೆ. ಟೀಚರನ್ನು ದಾಟಿ ಹೋದ ಹಾಗಾಗುತ್ತೆ ಅಂತ ಹಿಂಜರಿಕೆ. ಆದರೆ ಆ ಮಗುವಿನ ಮುಖ ಕಣ್ಣ ಮುಂದೆಯೇ ಇದೆ.

ಟೀಚರಿಗೆ ಹೇಳಿದ್ದು ಸಾಕಾ, ಇಲ್ಲ ಬರೆದಿಟ್ಟಿದ್ದನ್ನು ನಾನೇ ನೇರವಾಗಿ ಆ ಸುರಕ್ಷತೆ ನೋಡಿಕೊಳ್ಳುವವರ ಕೈಗೆ ಕೊಡಬೇಕಾ?