ಚಾಗೋಯಿನಾ, ಬರೀ ಗೆಂಡೆನಾ? ಒಂದೇ ಬಣ್ಣದ ಕೋಯಿ ಗುರುತಿಸೋದು ಹೇಗೆ

ಕೊಳದಂಚು: ಅಂಗಡಿಯವರು ಚಾಗೋಯಿ (ಕೋಯಿ ಅನ್ನೋ ಜಪಾನಿ ಅಲಂಕಾರದ ಗೆಂಡೆಯಲ್ಲಿ ಚಹಾ ಕಂದು ಬಣ್ಣದ ತಳಿ) ಅಂತ ಕೊಟ್ಟ ಮೀನು, ಉದ್ದ 15 ಸೆಂ.ಮೀ. ಮೈಯೆಲ್ಲ ಒಂದೇ ಬಣ್ಣ, ಕಂದಿಗಿಂತ ಹಸಿರೇ ಜಾಸ್ತಿ. ಪಕ್ಕದಿಂದ ನೋಡಿದ್ರೆ ಕೆರೆಯ ಸಾಮಾನ್ಯ ಗೆಂಡೆ ಥರಾನೇ ಇದೆ. ಖಚಿತ ಮಾಡ್ಕೊಳ್ಳೋದು ಹೇಗೆ?

ಹುರುಪೆಬಲೆ: ಪಕ್ಕದಿಂದ ನೋಡಬೇಡಿ, ಕೋಯಿ ನೋಡೋದೇ ಮೇಲಿನಿಂದ. ತಿಳಿನೀಲಿ ಟಬ್ಬಿಗೆ ಅದೇ ಕೊಳದ ನೀರು ಹಾಕಿ ಮೀನು ಬಿಡಿ, ಮೇಲೆ ಬಲೆ ಮುಚ್ಚಿ, ಇಲ್ಲಾಂದ್ರೆ ಹಾರುತ್ತೆ. ನೆರಳಿನ ಹಗಲು ಬೆಳಕು ಸಾಕು.

ಮೊದಲು ತಲೆ: ಕಲೆ ಇರಬಾರದು, ಮೈಬಣ್ಣಕ್ಕೆ ಹೊಂದಬೇಕು. ಆಮೇಲೆ ಬೆನ್ನು: ಪ್ರತಿ ಹುರುಪೆಯ ಅಂಚು ಸ್ವಲ್ಪ ಗಾಢವಾಗಿ, ಭುಜದಿಂದ ಬಾಲದವರೆಗೆ ಬಲೆ ಹಾಸಿದ ಹಾಗೆ ಕಾಣಬೇಕು. ಗಾಢ ಬಣ್ಣ ಅಂಚಲ್ಲಿರದೆ ಹುರುಪೆಯ ನಡುವೆ ಇದ್ರೆ ಅದು ಮತ್ಸುಬಾ ಅನ್ನೋ ಬೇರೆ ಬಗೆಯ ಕೋಯಿಯ ಲಕ್ಷಣ. ಸಾಮಾನ್ಯ ಗೆಂಡೆಗೆ ಬೆನ್ನು ಕಪ್ಪಗೆ, ಪಕ್ಕ ಹಿತ್ತಾಳೆ ಬಣ್ಣ, ಹೊಟ್ಟೆ ಬಿಳಿಚು. ಚಾಗೋಯಿಯಲ್ಲಿ ಬಣ್ಣ ಅಷ್ಟು ಬದಲಾಗಲ್ಲ. ಮೀಸೆ ಎಣಿಸಿ ಪ್ರಯೋಜನವಿಲ್ಲ, ಎರಡಕ್ಕೂ ಎರಡು ಜೊತೆ ಇರುತ್ತೆ. ಹಸಿರು ಛಾಯೆಗೆ ಹೆದರಬೇಡಿ. ಮರಿಯಲ್ಲಿ ಅದು ಮಾಮೂಲು. ಕೆಲವು ಬೆಳೀತಾ ಚಹಾ ಕಂದಿಗೆ ತಿರುಗುತ್ತವೆ, ಕೆಲವು ಹಸಿರಾಗೇ ಉಳೀತವೆ.

ನೀಲಿಟಬ್ಬು: ಹೊಳಪನ್ನೂ ನೋಡಿ. ಚಾಗೋಯಿಗೆ ಲೋಹದ ಹೊಳಪಿಲ್ಲ. ತಲೆ, ಎದೆಯ ರೆಕ್ಕೆ ಎಲ್ಲ ಮಿರುಗಿದ್ರೆ ಅದು ಓಗೋನ್. 1946ರಲ್ಲಿ ಜಪಾನಿನ ನೀಗಾತಾ ಪ್ರಾಂತ್ಯದ ಯಾಮಕೋಶಿಯಲ್ಲಿ ಸಾವಾತಾ ಆಓಕಿ ಹೊರತಂದ ತಳಿ. ತಲೆ ಮಂಕಾಗಿದ್ದು ಹುರುಪೆ ಮಾತ್ರ ಮಿನುಗಿದ್ರೆ ಅದು ಹುರುಪೆಯ ಲಕ್ಷಣ, ಹೆಸರು ಗಿನ್‌ರಿನ್. ಗಿನ್‌ರಿನ್ ಚಾಗೋಯಿಯೂ ಉಂಟು. ಹೊಳಪಿಲ್ಲದ ಬೂದು ಮೈಯಾದ್ರೆ ಸೋರಾಗೋಯಿ, ಸಾಸಿವೆ ಹಳದಿಯಾದ್ರೆ ಕರಾಶಿಗೋಯಿ. ಬೂದುನೀಲಿ ಬೆನ್ನಿನ ಜೊತೆ ಕೆನ್ನೆ, ಹೊಟ್ಟೆಯಲ್ಲಿ ಕೆಂಪಿದ್ರೆ ಅಸಾಗಿ. ಅದು ಒಂದೇ ಬಣ್ಣದ ಗುಂಪಿಗೇ ಬರಲ್ಲ.

ಕೊಳದಂಚು: ಬೆನ್ನ ಮೇಲೆ ಬಲೆಯ ಗೆರೆ ಕಾಣ್ತಿದೆ, ಹೊಳಪಿಲ್ಲ. ಎಡಗಡೆ ಎರಡು ಹುರುಪೆ ಉದುರಿದೆ. ದೋಷಾನಾ?

ಹುರುಪೆಬಲೆ: ಹಾಗಾದ್ರೆ ಚಾಗೋಯಿ ಅನ್ನಬಹುದು. ಹುರುಪೆ ಮತ್ತೆ ಬರುತ್ತೆ, ಆದ್ರೆ ಬಣ್ಣ ಬೇರೆಯಾಗಬಹುದು. ಚಿತ್ತಾರದ ಕೋಯಿಯಲ್ಲಿ ಅದು ಮುಚ್ಚಿಹೋಗುತ್ತೆ, ಒಂದೇ ಬಣ್ಣದ್ರಲ್ಲಿ ದೂರದಿಂದಲೇ ಎದ್ದು ಕಾಣುತ್ತೆ. ಬಲೆಯಲ್ಲಿ ಎತ್ತಬೇಡಿ, ಬಲೆಯಿಂದ ಬೋಗುಣಿಯ ಕಡೆ ದೂಡಿ, ನೀರಿನ ಸಮೇತ ಎತ್ತಿ. ಉದುರಿದ ಜಾಗ ಕೆಂಪಾದ್ರೆ, ಸುತ್ತ ಹುರುಪೆ ನಿಗುರಿದ್ರೆ ಸೋಂಕು ಅಂತ ಅರ್ಥ, ಬೇರೆ ಟ್ಯಾಂಕಿಗೆ ಹಾಕಿ ಅಮೋನಿಯಾ ಅಳೆಯಿರಿ.

ನೀಲಿಟಬ್ಬು: ತೊಟ್ಟಿ ಎಷ್ಟು ದೊಡ್ಡದು? ಚಾಗೋಯಿ ಬೇಗ ಬೆಳೆಯುತ್ತೆ, 70 ಸೆಂ.ಮೀ. ದಾಟೋದು ಅಪರೂಪವಲ್ಲ. 1000 ಲೀಟರ್ ಸಿಂಟೆಕ್ಸ್ ಸಾಕಾಗಲ್ಲ.